ಪದವಿನ ಮನೆಗಳಿಗೆಲ್ಲ ಒಂದೇ ನಂಬರ್

ಮೂಡುಬಿದಿರೆಯ ಸೂಪರ್ ಮಾರ್ಕೆಟ್ ಒಂದರಲ್ಲಿ ನಾನು ಬಿಲ್ಲಿಂಗ್ ಕೌಂಟರಿನವಳು. ಹೆಸರು ಚಿತ್ರಾ. ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಅಂಗಡಿಯಲ್ಲೂ ಮನೆಯಲ್ಲೂ ಹೇಳುತ್ತಾರೆ, ಸುಳ್ಳೇನೂ ಅಲ್ಲ. ದಿನವಿಡೀ ನನ್ನ ಬಾಯಲ್ಲಿ ಬರುವ ಮಾತು "ನಂಬರ್ ಹೇಳಿ" ಎನ್ನುವುದು. ಗಿರಾಕಿ ಮೊಬೈಲ್ ನಂಬರ್ ಹೇಳಿದರೆ ಕೊಂಡ ಸಾಮಾನಿಗೆ ತಕ್ಕಂತೆ ಪಾಯಿಂಟ್ ಸೇರುತ್ತದೆ. ಆದರೆ ಸಿದ್ಧಕಟ್ಟೆ ಕಡೆಯ ನಮ್ಮ ಪದವಿನವರು ಬಂದರೆ ನಾನು ಕೇಳುವುದೇ ಇಲ್ಲ. ಪದವು ಎಂದರೆ ಗುಡ್ಡದ ಮೇಲಿನ ಬಯಲು, ಅಲ್ಲಿರುವ ಅಷ್ಟೂ ಮನೆಯವರು ಹೇಳುವುದು ಪ್ರೇಮಕ್ಕನ ನಂಬರನ್ನೇ. ಊರಿಗೊಬ್ಬಳೇ ಪದ್ಮಾವತಿ ಎನ್ನುತ್ತಾರಲ್ಲ, ನಮ್ಮ ಪದವಿಗೆ ಒಬ್ಬಳೇ ಪ್ರೇಮಾವತಿ.

ಇದು ಇಂದು ನಿನ್ನೆಯ ಅಭ್ಯಾಸವಲ್ಲ. ಪ್ರೇಮಕ್ಕನ ಗಂಡ ಶೇಖರಣ್ಣ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿದ್ದರು. ಹಾಗಾಗಿ ಪದವಿಗೆ ಮೊದಲು ಫೋನ್ ಬಂದದ್ದು ಅವರ ಮನೆಗೆ. ತುಂಬ ವರ್ಷ ಇದ್ದದ್ದೂ ಅದೊಂದೇ. ಬೇರೆ ಮನೆಯವರು ಅರ್ಜಿಯಲ್ಲಿ, ಮದುವೆಯ ಕಾಗದದಲ್ಲಿ, ಗಲ್ಫಿಗೆ ಬರೆಯುವ ಪತ್ರದಲ್ಲಿ ಆ ನಂಬರನ್ನೇ ಬರೆದು ಪಕ್ಕದಲ್ಲಿ 'ಪಿ.ಪಿ.' ಎಂದು ಸೇರಿಸುತ್ತಿದ್ದರು. ಅಂದರೆ ಈ ಫೋನ್ ನಮ್ಮದಲ್ಲ, ಆದರೆ ನಮ್ಮನ್ನು ಕರೆದುಕೊಡುತ್ತಾರೆ ಎಂದು ಅರ್ಥ. ಕರೆದುಕೊಡುವ ಕೆಲಸ ಪ್ರೇಮಕ್ಕನದು. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿದ್ದರೂ ಬಿಟ್ಟು ಓಡುತ್ತಿದ್ದರು. ನಾನು ಹುಟ್ಟಿದೆನೆಂದು ಆಸ್ಪತ್ರೆಯಿಂದ ಬಂದ ಸುದ್ದಿಯನ್ನು ನನ್ನ ಅಜ್ಜಿಗೆ ಮುಟ್ಟಿಸಿದ್ದೂ ಅವರೇ.

ಎಲ್ಲಕ್ಕಿಂತ ಹೆಚ್ಚು ಓಡಿದ್ದು ನಫೀಸಮ್ಮನ ಮನೆಗೆ. ಅವರ ಗಂಡ ಸೌದಿಯ ದಮ್ಮಾಮಿನಲ್ಲಿದ್ದರು, ಶುಕ್ರವಾರ ಫೋನ್ ಮಾಡುತ್ತಿದ್ದರು. "ನಫೀಸಮ್ಮ, ಫೋನ್ ಉಂಟು" ಎಂದು ಪ್ರೇಮಕ್ಕ ಗೇಟಿನಲ್ಲಿ ನಿಂತು ಕೂಗಿದರೆ ಸಾಕು, ನಫೀಸಮ್ಮ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಳ್ಳುತ್ತ, ಮಗಳು ಮಾಜಿದಾಳನ್ನು ಎಳೆದುಕೊಂಡು ಬರುತ್ತಿದ್ದರು. ಒಂದು ಶುಕ್ರವಾರ ಫೋನ್ ಮಾಡಿದವರು ಬೇರೆ ಯಾರೋ. ನಫೀಸಮ್ಮನ ಗಂಡ ತೀರಿಹೋದರು ಎಂದು ತಿಳಿಸಲು. ಆ ಸುದ್ದಿಯನ್ನು ಹೊತ್ತುಕೊಂಡು ಹೋಗಬೇಕಾದವರೂ ಪ್ರೇಮಕ್ಕನೇ. ಗೇಟಿನಲ್ಲಿ ನಿಂತು ಫೋನ್ ಉಂಟು ಎಂದಷ್ಟೇ ಹೇಳಿದರಂತೆ, ಮುಂದಕ್ಕೆ ಬಾಯಿ ಬರಲಿಲ್ಲವಂತೆ. ಅಂದಿನಿಂದ ಆ ಗೇಟಿನಲ್ಲಿ ಅವರು ಆ ಮಾತು ಆಡಿದವರಲ್ಲ. ಫೋನ್ ಬಂದರೆ ಸುಮ್ಮನೆ ಒಳಗೆ ಹೋಗಿ ಕೈ ಹಿಡಿದು ಕರೆತರುತ್ತಿದ್ದರು.

ಆಮೇಲೆ ಮೊಬೈಲ್ ಬಂತು. ನೆನಪಿಡಲು ಸುಲಭವಾದ ಒಂದು ನಂಬರನ್ನು ಶೇಖರಣ್ಣ ಹೆಂಡತಿಗೆ ಹುಡುಕಿ ಕೊಡಿಸಿದರು. ಈಗ ಪದವಿನಲ್ಲಿ ಮೊಬೈಲ್ ಇಲ್ಲದ ಕೈಯೇ ಇಲ್ಲ, ಆದರೂ ಯಾರಾದರೂ ನಂಬರ್ ಕೇಳಿದರೆ ಬಾಯಿಗೆ ಬರುವುದು ಪ್ರೇಮಕ್ಕನದೇ. ಗ್ಯಾಸಿನವರಿಗೂ ಅದೇ, ಆಸ್ಪತ್ರೆಗೂ ಅದೇ. ಬೆಳ್ತಂಗಡಿಗೆ ಮದುವೆಯಾಗಿ ಹೋದ ಮಾಜಿದಾ ಅಲ್ಲಿಯ ನಮ್ಮ ಬ್ರಾಂಚಿನಲ್ಲೂ ಅದನ್ನೇ ಹೇಳುತ್ತಾಳೆ. ಹಾಗೆ ಸೇರಿದ ಪಾಯಿಂಟಿನಲ್ಲಿ ಒಂದು ದೊಡ್ಡ ಚಾ ಪಾತ್ರೆ ಬಂತು. ನಫೀಸಮ್ಮನ ಮನೆಯ ಮೌಲೂದಿನ ಪ್ರಾರ್ಥನೆ ಇರಲಿ, ಸತ್ಯನಾರಾಯಣ ಪೂಜೆ ಇರಲಿ, ಆ ಪಾತ್ರೆ ಮನೆಯಿಂದ ಮನೆಗೆ ಹೋಗುತ್ತದೆ.

ಕಳೆದ ವರ್ಷ ನಮ್ಮ ಅಂಗಡಿಯವರು ಎಐ ತಂದರು. ಯಾವ ನಂಬರಿನವರು ಏನೇನು ಕೊಳ್ಳುತ್ತಾರೆ ಎಂದು ಅದು ನೋಡುತ್ತಲೇ ಇರುತ್ತದೆ. ಆಮೇಲೆ ಒಂದು ಬುಟ್ಟಿಯ ಚಿತ್ರ ಮೊಬೈಲಿಗೆ ಬರುತ್ತದೆ. ಒಳ್ಳೆಯ ಆಹಾರವಾದರೆ ಹಸಿರು, ಪರವಾಗಿಲ್ಲ ಎಂದರೆ ಹಳದಿ, ಕೆಟ್ಟದ್ದಾದರೆ ಕೆಂಪು. ಏನು ಬಿಟ್ಟು ಏನು ತಿನ್ನಬೇಕೆಂದು ಬುದ್ಧಿ ಹೇಳಿ, ಒಳ್ಳೆಯ ಸಾಮಾನಿಗೆ ರಿಯಾಯಿತಿಯನ್ನೂ ಕೊಡುತ್ತದೆ. ಯೋಜನೆ ಒಳ್ಳೆಯದೇ. ಆದರೆ ಪ್ರೇಮಕ್ಕನಿಗೆ ಬಂದ ಮೊದಲ ಮೆಸೇಜ್ ನನಗೆ ಈಗಲೂ ಬಾಯಿಪಾಠ: "ಪ್ರೇಮಾವತಿ ಅವರೇ, ನಿಮ್ಮ ಬುಟ್ಟಿ ಕಡುಗೆಂಪು. ನೀವು ಸಕ್ಕರೆ ಮತ್ತು ಬೆಲ್ಲವನ್ನು ಅತಿಯಾಗಿ ಖರೀದಿಸುತ್ತಿದ್ದೀರಿ. ದಯವಿಟ್ಟು ಆರೋಗ್ಯದ ಕಡೆ ಗಮನ ಕೊಡಿ."

ಹೇಳಿದ್ದು ಯಾರಿಗೆ ನೋಡಿ. ಶೇಖರಣ್ಣ ಸಕ್ಕರೆ ಕಾಯಿಲೆಯಲ್ಲಿ ಮೊದಲು ಕಾಲಿನ ಬೆರಳು, ಆಮೇಲೆ ಪಾದ, ಕೊನೆಗೆ ಜೀವ ಕಳೆದುಕೊಂಡವರು. ಕಾಯಿಲೆ ಗೊತ್ತಾದ ದಿನವೇ ಪ್ರೇಮಕ್ಕ ಮನೆಯ ಸಕ್ಕರೆ ಡಬ್ಬವನ್ನು ತೊಳೆದು ಕವುಚಿ ಇಟ್ಟರು. ಬೆಲ್ಲ ಒಳಗೆ ತರಲಿಲ್ಲ. ಆದರೂ ಶೇಖರಣ್ಣನ ಸಕ್ಕರೆ ಇಳಿಯಲೇ ಇಲ್ಲ. ಎಲ್ಲಿಂದಲೋ ಕದ್ದು ತಿನ್ನುತ್ತೀರಿ ಎಂದು ಪ್ರೇಮಕ್ಕ ಗಂಡನನ್ನು ಬೈದದ್ದು ಅಷ್ಟಿಷ್ಟಲ್ಲ, ನಮ್ಮ ಮನೆಯ ಜಗಲಿಗೇ ಕೇಳುತ್ತಿತ್ತು. ಇಲ್ಲ ಮಾರಾಯ್ತಿ, ನಾನು ಕದ್ದಿಲ್ಲ ಎಂದು ಅವರು ಮೆಲ್ಲಗೆ ಹೇಳುತ್ತಿದ್ದರು. ಪ್ರೇಮಕ್ಕ ನಂಬಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ಕೂತೂ ನಂಬಲಿಲ್ಲ.

ಮೆಸೇಜ್ ಬಂದ ವಾರವೇ ನಫೀಸಮ್ಮನ ಕಾಲಿನ ಸುದ್ದಿಯೂ ಹೊರಬಿತ್ತು. ಅವರಿಗೂ ಸಕ್ಕರೆ. ಬಲಗಾಲಿನ ಬೆರಳಿನ ಸಂದಿಯಲ್ಲಿ ಒಂದು ಗಾಯ, ಯಾರಿಗೂ ಹೇಳದೆ ಬಟ್ಟೆ ಸುತ್ತಿಕೊಂಡು ತಿರುಗುತ್ತಿದ್ದರು. ಪ್ರೇಮಕ್ಕನೇ ಕಂಡುಹಿಡಿದು ಮೂಡುಬಿದಿರೆಯ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದರು. ಸಕ್ಕರೆ ಇಳಿಯದೆ ಗಾಯ ಒಣಗುವುದಿಲ್ಲ, ಮಳೆಗಾಲದೊಳಗೆ ಒಣಗದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಬೆರಳು, ಆಮೇಲೆ ಪಾದ. ಆ ದಾರಿ ಪ್ರೇಮಕ್ಕನಿಗೆ ಗೊತ್ತಿರುವ ದಾರಿ. ಅಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು ನನ್ನ ಅಮ್ಮನ ಹತ್ತಿರ ಒಂದೇ ಮಾತು ಹೇಳಿದರು.

"ನಮ್ಮವರನ್ನು ಉಳಿಸ್ಲಿಕ್ಕೆ ಆಗ್ಲಿಲ್ಲ. ನಫೀಸಮ್ಮನನ್ನು ನಾನು ಬಿಡುವುದಿಲ್ಲ."

ಅದರ ಮೇಲೆ ಈ ಕಡುಗೆಂಪು ಬುಟ್ಟಿ. ಮರುದಿನ ಬೆಳಗ್ಗೆಯೇ ಬಸ್ಸು ಹತ್ತಿ ಅಂಗಡಿಗೆ ಬಂದರು, ಮೊಬೈಲನ್ನು ನನ್ನ ಕೌಂಟರಿನ ಮೇಲೆ ಕುಕ್ಕಿದರು. ನನ್ನ ಕೈಯಲ್ಲಿ ಏನಿದೆ? ಮ್ಯಾನೇಜರ್ ಖಲೀಲ್ ಸರ್ ಹತ್ತಿರ ಕರೆದುಕೊಂಡು ಹೋದೆ. ಬಂಟ್ವಾಳದವರು, ದುಬೈಯ ಅಂಗಡಿಗಳಲ್ಲಿ ದುಡಿದು ಬಂದವರು, ಯಾರು ಎಷ್ಟು ಜೋರು ಮಾಡಿದರೂ ದನಿ ಏರಿಸುವವರಲ್ಲ. ಕುರ್ಚಿ ಕೊಟ್ಟು, ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದರು. ಯಂತ್ರ ಕಂಡ ಪ್ರೇಮಾವತಿಯನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅವಳು ರಂಜಾನಿಗೆ ಖರ್ಜೂರ ಕೊಳ್ಳುತ್ತಾಳೆ, ಚೌತಿಗೆ ಕಡಲೆಬೇಳೆ ಬೆಲ್ಲ ಕೊಳ್ಳುತ್ತಾಳೆ, ಮಗುವಿನ ಡೈಪರ್ ಜತೆಯಲ್ಲೇ ಮಂಡಿನೋವಿನ ಎಣ್ಣೆ ಕೊಳ್ಳುತ್ತಾಳೆ, ಮೂಡುಬಿದಿರೆಯಲ್ಲಿ ಮೀನಿನ ಮಸಾಲೆ ಕೊಂಡ ಗಳಿಗೆಯಲ್ಲೇ ಬೆಳ್ತಂಗಡಿಯಲ್ಲಿ ಬಿಸ್ಕತ್ತು ಕೊಳ್ಳುತ್ತಾಳೆ. ಸಕ್ಕರೆಯನ್ನಂತೂ ಮದುವೆ ಮನೆಯವರ ಹಾಗೆ ಕೊಳ್ಳುತ್ತಾಳೆ.

ತಿಂದವರು ಯಾರೋ, ಬೈಸಿಕೊಂಡವರು ಯಾರೋ ಎಂದೆ ನಾನು. ಖಲೀಲ್ ಸರ್ ನಗಲಿಲ್ಲ. ಅವರವರ ನಂಬರ್ ಅವರವರೇ ಹೇಳುವಂತೆ ಮಾಡಿದರೆ ಸರಿಹೋಗುತ್ತದೆ, ನೀವು ಒಪ್ಪಿದರೆ ಈಗಲೇ ಬೇರೆ ಮಾಡುತ್ತೇನೆ ಎಂದರು. ಪ್ರೇಮಕ್ಕ ಪರದೆಯಲ್ಲಿ ಸಕ್ಕರೆಯ ಲೆಕ್ಕದ ಮೇಲೆ ಬೆರಳಿಟ್ಟರು. ಇದರಲ್ಲಿ ನಫೀಸಮ್ಮ ತಿಂದದ್ದು ಎಷ್ಟು ಎಂದು ಕೇಳಿದರು.

"ಇದಕ್ಕೆ ಮನುಷ್ಯರು ಗೊತ್ತಿಲ್ಲ ಅಕ್ಕ, ನಂಬರ್ ಮಾತ್ರ ಗೊತ್ತು" ಎಂದರು ಖಲೀಲ್ ಸರ್. "ಒಂದು ನಂಬರ್ ಅಂದ್ರೆ ಒಂದು ಮನೆ ಅಂತ ಅದರ ಲೆಕ್ಕ."

ನಾಳೆ ಹೇಳುತ್ತೇನೆ ಎಂದು ಪ್ರೇಮಕ್ಕ ಎದ್ದರು. ನನ್ನ ಪಾಳಿ ಮುಗಿಯುವಷ್ಟರಲ್ಲಿ ಪೇಟೆಯ ಕೆಲಸ ಮುಗಿಸಿಕೊಂಡು ಬಂದರು, ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಪದವು ಹತ್ತುವಾಗ ಸರಸಕ್ಕನ ಜಗಲಿಯಲ್ಲಿ ನಫೀಸಮ್ಮ ಕೂತಿದ್ದರು. ಸರಸಕ್ಕನದು ಪದವಿನ ಮೊದಲ ಮನೆ, ಆ ಜಗಲಿ ದಾಟಿ ಹೋದವರನ್ನು ಅವರು ಸುಮ್ಮನೆ ಬಿಟ್ಟದ್ದಿಲ್ಲ. ನಮ್ಮನ್ನೂ ಕರೆದು ಕೂರಿಸಿದರು. ನಮ್ಮ ಕಡೆ ಬಂದವರಿಗೆ ಮೊದಲು ನೀರು ಮತ್ತು ಬೆಲ್ಲ ಕೊಡುವುದು ಪದ್ಧತಿ. ಕೊಟ್ಟರು. ನಫೀಸಮ್ಮ ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡರು. ಹಿಂದೆಯೇ ಚಾ ಬಂತು, ಅದನ್ನೂ ಕುಡಿದರು.

ಪ್ರೇಮಕ್ಕ ತಮ್ಮ ಲೋಟ ಮುಟ್ಟದೆ ಅದನ್ನೆಲ್ಲ ನೋಡುತ್ತಿದ್ದರು. ಇವತ್ತು ಯಾರ್ಯಾರ ಮನೆಗೆ ಹೋಗಿದ್ದಿರಿ ಎಂದು ಕೇಳಿದರು. ನಫೀಸಮ್ಮ ಸಹಜವಾಗಿ ಹೇಳಿದರು: ಬೆಳಗ್ಗೆ ನೆರೆಮನೆಯ ಕಾಂತಿಯ ಮಗುವನ್ನು ನೋಡಲು, ಆಮೇಲೆ ನಮ್ಮ ಮನೆಗೆ ಅಮ್ಮನ ಹತ್ತಿರ ಬಸಳೆ ಕೇಳಲು, ಮಧ್ಯಾಹ್ನ ಇನ್ನೊಂದು ಕಡೆ, ಈಗ ಇಲ್ಲಿ. ಎಲ್ಲ ಕಡೆಯೂ ಚಾ. ಎಲ್ಲ ಕಡೆಯೂ ಬೆಲ್ಲ. ಹನಿಗೂಡಿದರೆ ಹಳ್ಳ ಎನ್ನುವುದು ಸಕ್ಕರೆಗೂ ಸಲ್ಲುವ ಗಾದೆ ಎಂದು ನನಗೆ ಆಗಲೇ ಹೊಳೆದದ್ದು.

"ನನ್ನ ಮನೆಯಲ್ಲಿ ಒಂದು ಕಾಳು ಸಕ್ಕರೆ ಮುಟ್ಟಿಲ್ಲ ಪ್ರೇಮ, ಅಲ್ಲಾಹನಾಣೆ" ಎಂದರು ನಫೀಸಮ್ಮ. "ಆದರೆ ಮನೆಗೆ ಹೋದಾಗ ಪ್ರೀತಿಯಲ್ಲಿ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ?"

ಪ್ರೇಮಕ್ಕ ನಫೀಸಮ್ಮನ ಕಡೆ ನೋಡಲಿಲ್ಲ, ಸರಸಕ್ಕನ ಕಡೆ ತಿರುಗಿದರು.

"ಸರಸ, ನಮ್ಮವರೂ ಈ ದಾರಿಯಲ್ಲಿ ಹೋಗುವಾಗ ಇಲ್ಲಿ ಕೂತುಕೊಳ್ತಿದ್ದರಾ?"

"ದಿನಾ ಕೂತುಕೊಳ್ತಿದ್ದರು" ಎಂದರು ಸರಸಕ್ಕ. ಆಮೇಲೆ ಸೆರಗಿನ ತುದಿ ಹಿಡಿದುಕೊಂಡು, "ಮನೆಯಲ್ಲಿ ಪಾಪ ಅವರಿಗೆ ಸಪ್ಪೆ ಚಾ ಅಂತ ಗೊತ್ತಿತ್ತಲ್ಲ. ಅದಕ್ಕೇ ನಾನು ಒಂದು ಚಮಚ ಜಾಸ್ತಿಯೇ ಹಾಕಿ ಕೊಡ್ತಿದ್ದೆ" ಎಂದರು.

ಪ್ರೇಮಕ್ಕ ಎದ್ದು ಮನೆಗೆ ಹೋದರು. ಚಾ ಲೋಟ ತುಂಬಿದ್ದು ಹಾಗೆಯೇ ಇತ್ತು.

ಮರುದಿನ ನಾನು ಕೌಂಟರಿಗೆ ಹೋಗಿ ಕೂರುವಷ್ಟರಲ್ಲಿ ಖಲೀಲ್ ಸರ್‌ಗೆ ಅವರ ಫೋನ್ ಬಂದಾಗಿತ್ತು. ನಂಬರ್ ಬೇರೆ ಮಾಡುವುದು ಬೇಡ ಎಂದರಂತೆ. ನಿಮ್ಮ ಯಂತ್ರ ಹೇಳಿದ್ದು ಸರಿ ಉಂಟು, ನಮ್ಮದು ಒಂದೇ ಮನೆ ಎಂದು ಬರೆದುಕೊಳ್ಳಿ ಎಂದರಂತೆ.

ಹಿಡಿದ ಹಟ ಬಿಡುವ ಹೆಂಗಸಲ್ಲ ಅವರು. ಅದೇ ಭಾನುವಾರ ಆ ದೊಡ್ಡ ಚಾ ಪಾತ್ರೆಯನ್ನು ತಮ್ಮ ಅಂಗಳದಲ್ಲಿಟ್ಟು ಎಲ್ಲ ಮನೆಯವರನ್ನೂ ಕರೆದರು. ನಫೀಸಮ್ಮನ ಕಾಲಿನ ಗಾಯದ ವಿಷಯ ಹೇಳಿ, ಸಕ್ಕರೆ ಹಾಕದ ಚಾ ಕೊಟ್ಟರು. ನಂಬರ್ ನನ್ನದು, ನನ್ನ ನಂಬರ್ ಹೇಳುವವರು ನನ್ನ ಮಾತು ಕೇಳಬೇಕು ಎಂದರು. ಇನ್ನು ಮೇಲೆ ಯಾವ ಮನೆಯಲ್ಲೂ ಪಾತ್ರೆಗೆ ಸಕ್ಕರೆ ಹಾಕಬಾರದು. ಬೇಕಾದವರು ಬೇರೆ ಡಬ್ಬದಿಂದ ಹಾಕಿಕೊಳ್ಳಲಿ. ಬಂದವರಿಗೆ ಬೆಲ್ಲದ ಬದಲು ಜೀರಿಗೆ ನೀರು. ಆಗದವರು ಇವತ್ತೇ ನನ್ನ ನಂಬರ್ ಬಿಟ್ಟುಬಿಡಿ. ಯಾರೂ ಬಿಡಲಿಲ್ಲ. ಅಷ್ಟು ವರ್ಷ ಬಾಯಲ್ಲಿದ್ದ ನಂಬರನ್ನು ಬಿಡುವುದು ಮನೆಯ ಹೆಸರು ಬದಲಿಸಿದ ಹಾಗೆ.

ಬಿಡಲಿಲ್ಲ ನಿಜ, ಆದರೆ ಒಪ್ಪಿದವರೂ ಇಲ್ಲ. ಸಪ್ಪೆ ಚಾ ಕೊಟ್ಟರೆ ಈ ಮನೆಯಲ್ಲಿ ಸಕ್ಕರೆಗೂ ಗತಿಯಿಲ್ಲ ಎಂದುಕೊಳ್ಳುತ್ತಾರೆ ಎಂದು ಸರಸಕ್ಕ ಮುಖ ಊದಿಸಿಕೊಂಡು ಹೋದರು. ನಾನೇನು ಕಡಿಮೆಯೇ, ದಿನವಿಡೀ ಬಿಲ್ ಹೊಡೆದು ಬಂದವಳಿಗೆ ಒಂದು ಸಿಹಿ ಚಾ ಇಲ್ಲವೆಂದರೆ ಹೇಗೆ ಎಂದು ಅಮ್ಮನ ಮೇಲೆ ಹಾರಾಡಿದೆ. ಡಬ್ಬ ಅಲ್ಲುಂಟು, ಹಾಕಿಕೋ ಎಂದರು ಅಮ್ಮ. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನಫೀಸಮ್ಮನಿಗೆ. ತನ್ನ ಕಾಲಿನ ವಿಷಯವನ್ನು ಊರಿಗೆಲ್ಲ ಡಂಗುರ ಸಾರಿದಳು ಎಂದು ಅತ್ತು, ಚೀಲ ಕಟ್ಟಿಕೊಂಡು ಮಗಳ ಮನೆಗೆ ಬೆಳ್ತಂಗಡಿಗೆ ಹೋಗಿಬಿಟ್ಟರು.

ಪ್ರೇಮಕ್ಕ ಆ ದಿನಗಳಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ಪದವಿನಲ್ಲಿ ಸಕ್ಕರೆ ಕೊಳ್ಳುವುದು ಸ್ವಲ್ಪ ಇಳಿದಿತ್ತು, ಆದರೆ ಬುಟ್ಟಿ ಮತ್ತೆ ಕೆಂಪಾಗಿ ಬಂತು: ಕ್ರೀಮ್ ಬಿಸ್ಕತ್ತು, ಹಲ್ವ, ಸಿಹಿ ಪಾನೀಯದ ಬಾಟಲಿ. ಖಲೀಲ್ ಸರ್ ಹತ್ತಿರ ಕೇಳಿದರೆ ಎಲ್ಲ ಬೆಳ್ತಂಗಡಿಯ ಬ್ರಾಂಚಿನದು. ಅಮ್ಮ ಅಪರೂಪಕ್ಕೆ ಬಂದಿದ್ದಾರೆ ಎಂದು ಮಾಜಿದಾ ಮುದ್ದು ಮಾಡುತ್ತಿದ್ದಳು, ಮತ್ತೇನು. ಮರುದಿನವೇ ಪ್ರೇಮಕ್ಕ ವೇಣೂರಿನ ದಾರಿಯಲ್ಲಿ ಬಸ್ಸು ಹಿಡಿದು ಹೋದರು. ಅಲ್ಲಿ ನಡೆದದ್ದನ್ನು ಮಾಜಿದಾ ಆಮೇಲೆ ನನಗೆ ಹೇಳಿದಳು. ನಫೀಸಮ್ಮ ಗೋಡೆಯ ಕಡೆ ಮುಖ ಮಾಡಿ ಕೂತರಂತೆ. ಪ್ರೇಮಕ್ಕ ನೆಲದಲ್ಲಿ ಕೂತು ಅವರ ಕಾಲನ್ನು ತಮ್ಮ ಮಡಿಲಿಗೆ ತೆಗೆದುಕೊಂಡು ಬಟ್ಟೆ ಬಿಚ್ಚಿ ಗಾಯ ನೋಡಿದರಂತೆ.

"ನನಗೆ ಬೈಯುವುದಾದರೆ ಎರಡು ಕಾಲಲ್ಲಿ ನಿಂತು ಬೈಯಿರಿ ನಫೀಸಮ್ಮ. ಅದಕ್ಕೆ ಕಾಲು ಬೇಕಲ್ಲ? ಬನ್ನಿ, ಮನೆಗೆ ಹೋಗುವ."

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಇಳಿದರು. ಜಗಳ ಮುಗಿದಿರಲಿಲ್ಲ, ಬಸ್ ಸ್ಟಾಪಿನಿಂದ ಪದವಿನವರೆಗೂ ಕೇಳುತ್ತಿತ್ತು. ಸರಸಕ್ಕನ ಜಗಲಿಯ ಎದುರು ಇಬ್ಬರ ಕಾಲೂ ನಿಂತಿತು. ನಾನು ಹಿಂದೆಯೇ ಬರುತ್ತಿದ್ದೆ. ಸರಸಕ್ಕ ಒಳಗೆ ಹೋದರು, ಹೊರಗೆ ಬಂದರು, ಮತ್ತೆ ಒಳಗೆ ಹೋದರು. ಕೊನೆಗೆ ಒಂದು ತಂಬಿಗೆ ಜೀರಿಗೆ ನೀರು ತಂದು, ಯಾರ ಮುಖವನ್ನೂ ನೋಡದೆ ನಫೀಸಮ್ಮನ ಎದುರು ಇಟ್ಟರು. ಶೇಖರಣ್ಣನಿಗೆ ಹಾಕಿದ ಆ ಒಂದು ಚಮಚ ಸರಸಕ್ಕನಿಗೂ ನಿದ್ದೆ ಕೊಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಸುಲಭವಾಯಿತು ಎಂದು ಹೇಳಲಾರೆ. ಯಂತ್ರ ಓಟ್ಸ್ ತಿನ್ನಿರಿ ಎಂದಿತು. ಒಂದು ಪ್ಯಾಕೆಟ್ ತಂದು ಗಂಜಿ ಮಾಡಿ ಎಲ್ಲರೂ ಮುಖ ಕಿವುಚಿದೆವು, ಉಳಿದದ್ದು ಕಾಂತಿಯ ಕೋಳಿಗಳಿಗೆ ಹೋಯಿತು. ಆದರೆ ನಮ್ಮವರು ಹೆಸರುಕಾಳು, ಹುರುಳಿ, ಜೀರಿಗೆ ಕೊಳ್ಳುವುದು ಹೆಚ್ಚಾದಾಗ ಅದಕ್ಕೂ ತಿಳಿಯಿತು, ಅವಕ್ಕೇ ರಿಯಾಯಿತಿ ಕೊಡತೊಡಗಿತು. ಅಷ್ಟರಮಟ್ಟಿಗೆ ಬುದ್ಧಿವಂತ ಯಂತ್ರ, ನಾನು ಸುಮ್ಮನೆ ಬೈಯುವುದಿಲ್ಲ. ಪ್ರೇಮಕ್ಕ ದಿನಕ್ಕೊಂದು ಮನೆಯಂತೆ ಹೋಗಿ ಕೂತು ಚಾ ಕೇಳಿ ಕುಡಿದು ಪರೀಕ್ಷೆ ಮಾಡುತ್ತಿದ್ದರು. ಕದ್ದು ಹಾಕಿದ ಸಕ್ಕರೆ ಅವರ ನಾಲಗೆಗೆ ತಪ್ಪುತ್ತಿರಲಿಲ್ಲ. ನಫೀಸಮ್ಮನ ಗಾಯಕ್ಕೆ ತಾವೇ ಕೂತು ಮದ್ದು ಹಚ್ಚಿ ಬಟ್ಟೆ ಕಟ್ಟುತ್ತಿದ್ದರು. ಬುಟ್ಟಿ ಹಳದಿಯಾಯಿತು. ಸಪ್ಪೆ ಚಾ ಕುಡಿದು ಅಭ್ಯಾಸವಾದ ನನಗೆ ಒಂದು ದಿನ ಅಂಗಡಿಯ ಪಕ್ಕದ ಹೋಟೆಲಿನ ಚಾ ಬಾಯಿಗಿಡಲಾಗಲಿಲ್ಲ. ಅದನ್ನು ಪ್ರೇಮಕ್ಕನಿಗೆ ಮಾತ್ರ ಹೇಳಿಲ್ಲ.

ಮಳೆಗಾಲದ ಮೊದಲ ಮೋಡ ಕಟ್ಟಿದ ಹೊತ್ತಿಗೆ ನಫೀಸಮ್ಮ ರಕ್ತ ಕೊಟ್ಟು, ಡಾಕ್ಟರಿಗೆ ಕಾಲು ತೋರಿಸಿ ಬಂದರು. ಪರೀಕ್ಷೆಯ ಫಲ ನೋಡಿ ತೀರ್ಮಾನ ಹೇಳುತ್ತೇವೆ ಎಂದು ಆಸ್ಪತ್ರೆಯವರು ನಂಬರ್ ಕೇಳಿದ್ದರು. ನಫೀಸಮ್ಮ ಯಾವ ನಂಬರ್ ಹೇಳಿರಬಹುದು, ನೀವೇ ಹೇಳಿ.

ನನಗೆ ಅಂದು ರಜೆ, ನಮ್ಮ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಪ್ರೇಮಕ್ಕನ ಮೊಬೈಲ್ ಬಡಿದುಕೊಂಡದ್ದು ಕೇಳಿತು. ಮರುಗಳಿಗೆ ಅವರು ಮನೆಯಿಂದ ಹೊರಬಿದ್ದರು, ಕಾಲಲ್ಲಿ ಚಪ್ಪಲಿ ಇಲ್ಲ, ಕೈ ತುಂಬ ತೆಂಗಿನ ತುರಿ. ಆ ವಯಸ್ಸಿನಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಟ್ಟೆ ಅಲ್ಲೇ ಬಿಟ್ಟು ನಾನೂ ಓಡಿದೆ. ನಫೀಸಮ್ಮನ ಗೇಟು ಹಿಡಿದು ನಿಂತ ಪ್ರೇಮಕ್ಕನಿಗೆ ಉಸಿರು ಬರುತ್ತಿರಲಿಲ್ಲ. ನಫೀಸಮ್ಮ ಬಾಗಿಲಿಗೆ ಬಂದರು, ಗೇಟಿನಲ್ಲಿ ಹಾಗೆ ನಿಂತವರನ್ನು ಕಂಡರು, ಗೋಡೆ ಹಿಡಿದುಕೊಂಡರು. ಇಬ್ಬರಿಗೂ ಆ ಹಳೆಯ ಶುಕ್ರವಾರ ನೆನಪಾಗಿತ್ತು ಎಂದು ನನಗೆ ಗೊತ್ತು.

"ನಫೀಸಮ್ಮ, ಫೋನ್ ಉಂಟು" ಎಂದರು ಪ್ರೇಮಕ್ಕ. "ಒಳ್ಳೇ ಫೋನ್. ಸಕ್ಕರೆ ಇಳಿದಿದೆಯಂತೆ. ಬೆರಳು ತೆಗೆಯುವುದು ಬೇಡವಂತೆ."

ನಫೀಸಮ್ಮ ಮೆಟ್ಟಿಲಲ್ಲಿ ಕುಸಿದು ಕೂತು ಅತ್ತರು. ಆಮೇಲೆ, ಒಳ್ಳೆಯದು ಎಂದು ಮೊದಲು ಹೇಳಬಾರದಾ, ನನ್ನ ಜೀವ ತೆಗೆದೆಯಲ್ಲ ಎಂದು ಬೈದರು. ಎರಡು ಕಾಲಲ್ಲಿ ಎದ್ದು ನಿಂತು ಬೈದರು. ಸುದ್ದಿ ಕೇಳಿ ಸರಸಕ್ಕ ತಟ್ಟೆಯಲ್ಲಿ ಚಾ ಹಿಡಿದುಕೊಂಡೇ ಬಂದರು. ಸಕ್ಕರೆಯ ಡಬ್ಬ ತಂದಿರಲಿಲ್ಲ, ಯಾರೂ ಕೇಳಲೂ ಇಲ್ಲ.

ಪ್ರೇಮಕ್ಕ ಮೆಟ್ಟಿಲಲ್ಲಿ ಕೂತು ಒಂದು ಗುಟುಕು ಕುಡಿದರು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಮ್ಮವರು ಕದ್ದಿರಲಿಲ್ಲ" ಎಂದರು.

ಸರಸಕ್ಕ ಮುಖ ತಿರುಗಿಸಿಕೊಂಡರು. ನಫೀಸಮ್ಮ ಪ್ರೇಮಕ್ಕನ ಪಕ್ಕಕ್ಕೆ ಸರಿದು ಕೂತು, ತೆಂಗಿನ ತುರಿ ಅಂಟಿದ್ದ ಆ ಕೈಯನ್ನು ತಮ್ಮ ಸೆರಗಿನಿಂದ ಒರೆಸಿದರು.